ದೊಡ್ಡಮ್ಮ ನುಂಗದ ಮಾತ್ರೆ

ನಮ್ಮ ದೊಡ್ಡಮ್ಮ ಬಾಯಲ್ಲಿ ಆರು ಗುಂಡಿ ಇಟ್ಟುಕೊಂಡು ಜಗಳವಾಡಬಲ್ಲವಳು. ಮಾತು ತೊದಲುವುದಿಲ್ಲ, ಗುಂಡಿ ಜಾರುವುದಿಲ್ಲ. ಎಡಗೆನ್ನೆಯೊಳಗೆ ಗುಂಡಿಗಳು, ತುಟಿಯ ಬಲತುದಿಯಲ್ಲಿ ಎರಡು ಗುಂಡುಸೂಜಿ, ತೊಡೆಯ ಮೇಲೆ ಯಾರದೋ ಅಂಗಿ. ಇದೇ ಸಜ್ಜಿನಲ್ಲಿ ಅವಳು ನಲವತ್ತೊಂದು ವರ್ಷ ಒಂದೇ ಹೊಲಿಗೆ ಅಂಗಡಿಯ ಒಂದೇ ಕಿಟಕಿಯ ಪಕ್ಕ ಕೂತು ಕಾಜಾ ಹಾಕಿದ್ದಾಳೆ. ಕಾಜಾ ಅಂದರೆ ಅಂಗಿಯಲ್ಲಿ ಗುಂಡಿ ತೂರುವ ಸೀಳು. ಅದರ ಅಂಚನ್ನು ದಾರದಿಂದ ಒತ್ತೊತ್ತಾಗಿ ಕಟ್ಟದಿದ್ದರೆ ನಾಲ್ಕು ಸಲ ಒಗೆಯುವುದರೊಳಗೆ ಬಟ್ಟೆ ಎಳೆ ಬಿಡುತ್ತದೆ. ಈ ಕೆಲಸಕ್ಕೆ ಯಂತ್ರ ಬಂದು ಎಷ್ಟೋ ಕಾಲವಾಯಿತು. ಆದರೂ ಕೆಲವು ಗಿರಾಕಿಗಳು ಕೈಯ ಕಾಜಾನೇ ಬೇಕೆಂದು ಹಟ ಹಿಡಿಯುತ್ತಾರೆ, ಅಂಗಡಿಯವರು ಯಂತ್ರದ ಮೇಲೆ ಬಟ್ಟೆ ಮುಚ್ಚಿ ಅವಳನ್ನು ಕರೆಯುತ್ತಾರೆ. ಅಲ್ಲಿ ಅವಳ ಹೆಸರೇ ಕಾಜಾ ಅಕ್ಕ.

ನನಗೆ ಅವಳು ದೊಡ್ಡಮ್ಮ, ಅಮ್ಮನ ಅಕ್ಕ. ನನಗೆ ನಾಲ್ಕು ವರ್ಷವಾಗಿದ್ದಾಗ ಅಮ್ಮ ತೀರಿಕೊಂಡಳು. ಅಂದಿನಿಂದ ನನ್ನ ಊಟ, ಓದು, ಜ್ವರ, ಕೋಪ ಎಲ್ಲದರ ಉಸ್ತುವಾರಿ ಅವಳದೇ. ಅವಳು ನನ್ನನ್ನು ಮುದ್ದು ಮಾಡಿ ಬೆಳೆಸಿದಳು ಎಂದರೆ ಸುಳ್ಳಾಗುತ್ತದೆ. ಅವಳ ಬಾಯಲ್ಲಿ ಸದಾ ಗುಂಡಿ ಇರುತ್ತಿತ್ತು, ಮುದ್ದು ಮಾಡಲು ಅಲ್ಲಿ ಜಾಗವಿರಲಿಲ್ಲ.

ಈಗ ಹೇಳಹೊರಟಿರುವುದು ಅವಳು ನಾಲ್ಕು ತಿಂಗಳು ನನಗೆ ಟೋಪಿ ಹಾಕಿದ ಕತೆ. ಇದನ್ನು ಬರೆಯಲು ಅವಳ ಒಪ್ಪಿಗೆ ಕೇಳಿದೆ. "ಬರಿ, ಆದ್ರೆ ಕೋಳಿಗಳನ್ನ ಬೈಬೇಡ" ಅಂದಳು.

ನಾನು ಕೆಲಸ ಮಾಡುವುದು ಆಹಾರದ ಬಗ್ಗೆ ಸಂಶೋಧನೆ ನಡೆಸುವ ಒಂದು ಕೇಂದ್ರದಲ್ಲಿ. ದೊಡ್ಡ ಹುದ್ದೆಯೇನಲ್ಲ. ಬಂದವರ ತೂಕ ನೋಡುವುದು, ಅಂಗೈ ಅಳೆಯುವುದು, ಬರೆದಿಡುವುದು. ಅಂಗೈ ಅಳೆಯಲು ಹಳೆಯ ರೇಡಿಯೋದಷ್ಟು ದೊಡ್ಡ ಪೆಟ್ಟಿಗೆಯೊಂದಿದೆ. ಅದರ ಗಾಜಿನ ಕಿಟಕಿಗೆ ಅಂಗೈ ಒತ್ತಿ ಹಿಡಿದರೆ ಒಳಗೊಂದು ನೀಲಿ ಬೆಳಕು ಹೊತ್ತಿಕೊಂಡು, ಅರ್ಧ ನಿಮಿಷದಲ್ಲಿ ಒಂದು ಅಂಕಿ ಬರುತ್ತದೆ. ಚರ್ಮದೊಳಗೆ ಹಳದಿ ಬಣ್ಣದ ವಸ್ತು ಎಷ್ಟಿದೆ ಎಂಬುದರ ಲೆಕ್ಕ ಅದು. ಪೆಟ್ಟಿಗೆ ಕೆಟ್ಟಿಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ಪ್ರತಿದಿನ ಬೆಳಗ್ಗೆ ಮೊದಲು ನನ್ನ ಅಂಗೈಯನ್ನೇ ಇಡಬೇಕು. ನನ್ನ ಅಂಕಿ ನಿನ್ನೆಯದಕ್ಕೆ ಹೊಂದಿದರೆ ಆ ದಿನದ ಕೆಲಸ ಶುರು. ಹೀಗೆ ಇಡೀ ಕೇಂದ್ರದಲ್ಲಿ ದಿನಾ ಒಂದೇ ತರಹ ಇರುವ ವಸ್ತು ನಾನೊಬ್ಬಳೇ ಆಗಿದ್ದೆ.

ಕ್ಯಾರೆಟ್ಟು, ಮೆಕ್ಕೆಜೋಳ, ಸೊಪ್ಪು, ಮೊಟ್ಟೆಯ ಹಳದಿ, ಇವುಗಳಲ್ಲಿರುವ ಬಣ್ಣದ ವಸ್ತುಗಳ ದೊಡ್ಡ ಮನೆತನವೊಂದಿದೆ. ಅದಕ್ಕೆ ಕ್ಯಾರೊಟಿನಾಯ್ಡ್ ಎಂದು ಹೆಸರು. ನಮ್ಮ ಮೈ ಇವುಗಳನ್ನು ತಾನಾಗಿ ತಯಾರಿಸಲಾರದು, ತಿಂದೇ ಪಡೆಯಬೇಕು. ಆ ಮನೆತನದ ಕೆಲವರು ಮೈಯೊಳಗೆ ಎ ವಿಟಮಿನ್ ಆಗಿ ಮಾರ್ಪಡುತ್ತಾರೆ. ಲೂಟಿನ್ ಎಂಬವನು ಹಾಗೆ ಮಾರ್ಪಡದೆ ನೆಟ್ಟಗೆ ಕಣ್ಣಿನ ಹಿಂಗೋಡೆಗೆ ಹೋಗಿ ಕೂತು, ಕಣ್ಣು ಕುಕ್ಕುವ ಬೆಳಕಿಗೆ ಅಡ್ಡ ನಿಲ್ಲುತ್ತಾನೆ. ಒಂದಷ್ಟು ಪಾಲು ಚರ್ಮದಲ್ಲೂ ಉಳಿಯುತ್ತದೆ. ಆದರೆ ನುಂಗಿದ್ದೆಲ್ಲ ಮೈಗೆ ಹತ್ತುವುದಿಲ್ಲ. ಲೂಟಿನ್ ಮಾತ್ರೆ ನುಂಗಿದರೆ ಎಷ್ಟು ಮೈಗೆ ಹತ್ತುತ್ತದೆ, ಎಷ್ಟು ಬಂದ ದಾರಿಗೆ ಸುಂಕವಿಲ್ಲದಂತೆ ಹೊರಟುಹೋಗುತ್ತದೆ ಎಂದು ತಿಳಿಯುವುದೇ ನಮ್ಮ ಡಾಕ್ಟರಮ್ಮನ ಸಂಶೋಧನೆ.

ಡಾಕ್ಟರಮ್ಮ ನಮ್ಮ ಕೇಂದ್ರದ ಮುಖ್ಯಸ್ಥೆ. ಕೋಪ ಬಂದಾಗ ದನಿ ಏರಿಸುವುದಿಲ್ಲ, ಇಳಿಸುತ್ತಾರೆ. ಅವರ ದನಿ ಕೇಳಿಸದಷ್ಟು ಇಳಿಯಿತೆಂದರೆ ಎಲ್ಲರೂ ತಂತಮ್ಮ ಮೇಜಿನ ಖಾನೆ ತೆರೆದು ಏನೋ ಹುಡುಕತೊಡಗುತ್ತೇವೆ. ನಲವತ್ತು ಜನ ಬೇಕು, ದಿನಕ್ಕೊಂದು ಮಾತ್ರೆ, ನಾಲ್ಕು ತಿಂಗಳು ಎಂದು ಅವರು ನಿಗದಿ ಮಾಡಿದ್ದರು. ಅರ್ಧ ಜನರ ಬಾಟಲಿಯಲ್ಲಿ ನಿಜವಾದ ಲೂಟಿನ್, ಇನ್ನರ್ಧಕ್ಕೆ ಬಣ್ಣ ಕಟ್ಟಿದ ಬರೀ ಎಣ್ಣೆ. ನೋಡಲು ಎರಡೂ ಒಂದೇ, ಮೇಲೆ ನಂಬರ್ ಮಾತ್ರ. ಯಾರಿಗೆ ಯಾವುದು ಹೋಯಿತು ಎಂಬ ಪಟ್ಟಿ ಲಕೋಟೆಯೊಳಗೆ, ಲಕೋಟೆ ಡಾಕ್ಟರಮ್ಮನ ಬೀರುವಿನೊಳಗೆ. ಕೊನೆಯ ದಿನದವರೆಗೆ ಅದನ್ನು ಅವರೂ ಒಡೆಯುವಂತಿಲ್ಲ.

ಮೂವತ್ತೇಳು ಜನ ಸಿಕ್ಕಿದರು. ಉಳಿದ ಮೂವರಿಗಾಗಿ ಊರೆಲ್ಲ ಸುತ್ತಿ, ಕೊನೆಗೆ ದೊಡ್ಡಮ್ಮನ ಅಂಗಡಿಗೇ ಹೋಗಿ ಕೂತೆ. ಕಟಿಂಗ್ ಮಾಸ್ಟರ್ ಒಪ್ಪಿದರು. ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವರು ಅವರೇ, ಎದುರಿಗೆ ಬಂದವರ ಕಾಲರ್ ಸರಿಯಿಲ್ಲ ಎಂದು ಹೇಳದೆ ಮಾತು ಶುರು ಮಾಡಿದವರಲ್ಲ. ಇಸ್ತ್ರಿಯಣ್ಣನೂ ಒಪ್ಪಿದ. ಅವನು ಯಾರು ಏನು ಹೇಳಿದರೂ ಒಪ್ಪುವ ಪ್ರಾಣಿ. ಒಬ್ಬರು ಕಡಿಮೆ ಬಿದ್ದರು. ದೊಡ್ಡಮ್ಮನ ಮುಖ ನೋಡಿದೆ. ತನ್ನ ಕಣ್ಣು ಚೆನ್ನಾಗಿಯೇ ಇದೆ, ಟ್ಯೂಬ್‌ಲೈಟ್ ಸ್ವಲ್ಪ ಚುಚ್ಚುತ್ತದೆ ಅಷ್ಟೆ ಎಂದು ಅವಳು ದಾರ ಪೋಣಿಸುತ್ತಲೇ ಜಾರಿಕೊಂಡಳು. ನಾನು ಎರಡು ದಿನ ಮುಖ ಊದಿಸಿಕೊಂಡು ಓಡಾಡಿದೆ. ಮೂರನೆಯ ದಿನ ಅವಳು ತಾನಾಗಿಯೇ "ಸರಿ ಬಿಡು, ನಾನೇ ಬರ್ತೀನಿ" ಅಂದಳು. ಆಗ ಅವಳ ಮುಖ ಬಿಳಿಚಿತ್ತು. ನಾನು ಗೆದ್ದ ಖುಷಿಯಲ್ಲಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಸ್ವಂತ ದೊಡ್ಡಮ್ಮನನ್ನು ಸೇರಿಸಿಕೊಳ್ಳುವುದು ಸರಿಯೇ ಎಂದು ಡಾಕ್ಟರಮ್ಮ ಹುಬ್ಬೇರಿಸಿದರು. ಹೇಳಿದ ಮಾತಿಗೆ ತಪ್ಪುವ ಹೆಂಗಸಲ್ಲ, ಅವಳಿಗೆ ನಾನು ಜವಾಬ್ದಾರಿ ಎಂದು ಎದೆ ತಟ್ಟಿ ಹೇಳಿದೆ. ಮೊದಲ ಮಾತ್ರೆಯನ್ನು ನಮ್ಮೆದುರೇ ನುಂಗಬೇಕೆಂಬುದು ನಿಯಮ. ದೊಡ್ಡಮ್ಮ ಮಾತ್ರೆ ಬಾಯಿಗೆ ಹಾಕಿಕೊಂಡಳು, ನೀರು ಕುಡಿದಳು, ಗಂಟಲು ಗುಟುಕ್ ಅಂದಿತು. ಬಾಯಿ ತೆರೆದು ತೋರಿಸಿ "ಆಯ್ತಾ?" ಅಂದಳು. "ನನ್ನ ಕಣ್ಣೆದುರೇ ನುಂಗಿದರು" ಎಂದು ಬರೆದು ಕೆಳಗೆ ಸಹಿ ಹಾಕಿದೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೆಲಸ ಮಾಡುವವಳೆಂದು ನನಗೆ ಹೆಸರು ಬೇರೆ ಇತ್ತು.

ಅವಳು ಅದನ್ನು ನುಂಗಿರಲೇ ಇಲ್ಲ. ಆ ದಿನವೂ ಇಲ್ಲ, ಮುಂದಿನ ನಾಲ್ಕು ತಿಂಗಳೂ ಇಲ್ಲ. ನನಗೆ ಇದು ಕೊನೆಗೆ ಗೊತ್ತಾದ ವಿಷಯ, ಆದರೆ ನಿಮ್ಮನ್ನೇಕೆ ಕಾಯಿಸಲಿ.

ನಲವತ್ತೊಂದು ವರ್ಷ ಬಾಯಲ್ಲಿ ಗುಂಡಿ, ಸೂಜಿ ಇಟ್ಟುಕೊಂಡು ಬದುಕಿದ ಗಂಟಲಿಗೆ ಒಂದೇ ಒಂದು ಪಾಠ ಬಂದಿತ್ತು. ಸಣ್ಣದು, ಗಟ್ಟಿಯದು, ನುಣ್ಣಗಿರುವುದು ಬಾಯಿಗೆ ಬಂದರೆ ಬಾಗಿಲು ಹಾಕಿಕೊಳ್ಳಬೇಕು. ಹಾಕಿಕೊಳ್ಳದಿದ್ದರೆ ಎಂದೋ ಒಂದು ಗುಂಡುಸೂಜಿ ಒಳಗಿಳಿದು ಅವಳ ಕತೆ ಮುಗಿದಿರುತ್ತಿತ್ತು. ಅನ್ನ ಇಳಿಯುತ್ತದೆ, ನೀರು ಇಳಿಯುತ್ತದೆ, ಕೆನ್ನೆಯಲ್ಲಿ ಗುಂಡಿಯಿದ್ದಾಗಲೇ ಚಹಾ ಕೂಡ ಇಳಿಯುತ್ತದೆ. ಮಾತ್ರೆ ಮಾತ್ರ ಕೋಟಿನ ಗುಂಡಿಯ ಹಾಗೆ ಎಡಗೆನ್ನೆಗೆ ಹೋಗಿ ಕೂರುತ್ತದೆ. ಎಷ್ಟು ಗದರಿಸಿದರೂ ಗಂಟಲು ಕೇಳುವುದಿಲ್ಲ. ಇದು ಅವಳಿಗೆ ದೊಡ್ಡ ನಾಚಿಕೆಯ ಸಂಗತಿಯಾಗಿತ್ತು. ಮಕ್ಕಳು ನುಂಗುವುದನ್ನು ತಾನು ನುಂಗಲಾರೆ ಎಂದು ಹೇಗೆ ಹೇಳಿಕೊಳ್ಳುವುದು? ಹಾಗಾಗಿ ಯಾರಿಗೂ ಹೇಳಿರಲಿಲ್ಲ.

ಸರಿ, ನೂರಿಪ್ಪತ್ತು ಮಾತ್ರೆಗಳನ್ನು ಏನು ಮಾಡುವುದು? ಚರಂಡಿಗೆ ಚೆಲ್ಲಬಹುದಿತ್ತು. ಆದರೆ ಅವಳು ಒಂದು ಗೇಣು ದಾರವನ್ನೂ ಎಸೆಯದೆ ರಟ್ಟಿಗೆ ಸುತ್ತಿಡುವವಳು. ನಮ್ಮ ಹಿತ್ತಲಲ್ಲಿ ನಾಲ್ಕು ಕೋಳಿಗಳಿದ್ದವು. ಬೆಳಗ್ಗೆ ನಾನು ಸ್ನಾನಕ್ಕೆ ಹೋದ ಹೊತ್ತು ನೋಡಿ, ದಾರ ಕತ್ತರಿಸುವ ಪುಟ್ಟ ಕತ್ತರಿಯಿಂದ ಮಾತ್ರೆಯ ಮೂತಿ ಕತ್ತರಿಸಿ, ಒಳಗಿನ ಕಿತ್ತಳೆ ಬಣ್ಣದ ಎಣ್ಣೆಯನ್ನು ಕೋಳಿಗಳ ತೌಡು ನುಚ್ಚಿಗೆ ಹಿಂಡಿ ಕಲಸುತ್ತಿದ್ದಳು. ಪಾಪ, ಕಣ್ಣಿಗೆ ಒಳ್ಳೆಯದಂತೆ, ಅವಾದರೂ ಹದ್ದನ್ನು ದೂರದಿಂದ ನೋಡಲಿ ಎಂಬುದು ಅವಳ ವಾದ.

ಕೋಳಿಗಳು ದಿನಕ್ಕೆ ಮೂರು ಮೊಟ್ಟೆ ಇಡುತ್ತಿದ್ದವು. ನಾಲ್ಕನೆಯವಳು ಜಂಬದವಳು, ಮನಸ್ಸು ಬಂದಾಗ ಮಾತ್ರ. ಒಂದು ಮೊಟ್ಟೆ ದೊಡ್ಡಮ್ಮನಿಗೆ. ಒಂದನ್ನು ಬೇಯಿಸಿ ಅಂಗಡಿಗೆ ಒಯ್ದು ಹನ್ನೊಂದು ಗಂಟೆಯ ಚಹಾದ ಜೊತೆ ಕಟಿಂಗ್ ಮಾಸ್ಟರಿಗೆ ಕೊಡುವುದು ಎಷ್ಟೋ ವರ್ಷಗಳ ರೂಢಿ, ಕೊಡದಿದ್ದರೆ ಮಾಸ್ಟರ್ ಆ ದಿನವೆಲ್ಲ ಎಲ್ಲರ ಕಾಲರಿಗೂ ಕೈ ಹಾಕುತ್ತಿದ್ದರು. ಮೂರನೆಯದು ನನಗೆ, ಅದೂ ಬಿಳಿ ಭಾಗ ಮಾತ್ರ. ಮೊಟ್ಟೆಯ ಹಳದಿ ನನಗೆ ಚಿಕ್ಕಂದಿನಿಂದಲೂ ಆಗದು, ನಾಲಿಗೆಗೆ ತಾಗಿದರೆ ಹೊಟ್ಟೆ ತೊಳಸುತ್ತದೆ. ನನ್ನ ಡಬ್ಬಿಗೆ ಹಳದಿ ತೆಗೆದ ಮೊಟ್ಟೆಯೇ ಬರುತ್ತಿತ್ತು. ಆ ಹಳದಿ ಎಲ್ಲಿಗೆ ಹೋಗುತ್ತದೆ ಎಂದು ನಾನು ಯಾವತ್ತೂ ಕೇಳಿದವಳಲ್ಲ. ಇಸ್ತ್ರಿಯಣ್ಣ ಮೊಟ್ಟೆಯ ವಾಸನೆಗೇ ಮಾರು ದೂರ ಸರಿಯುತ್ತಿದ್ದ.

ಮೊದಲ ತಿಂಗಳು ಯಾರ ಅಂಕಿಯೂ ಅಷ್ಟಾಗಿ ಕದಲಲಿಲ್ಲ. ಎರಡನೆಯ ತಿಂಗಳಲ್ಲಿ ದೊಡ್ಡಮ್ಮನದು ಏರತೊಡಗಿತು. ಮೂರನೆಯ ತಿಂಗಳಿಗೆ ನಲವತ್ತು ಜನರಲ್ಲಿ ಅವಳೇ ಮೊದಲು. ಎರಡನೆಯವರಿಗೂ ಅವಳಿಗೂ ಒಂದು ಮಾರು ಅಂತರ. ಡಾಕ್ಟರಮ್ಮ ಕೂಡ ಒಮ್ಮೆ ಹೊರಬಂದು ಅವಳ ಅಂಗೈ ಹಿಡಿದು ನೋಡಿ ಭೇಷ್ ಎಂದು ಹೋದರು.

ದೊಡ್ಡಮ್ಮ ಶಾಲೆಯಲ್ಲಿ ಮೂರನೆಯ ತರಗತಿ ದಾಟಿದವಳಲ್ಲ. ಪರೀಕ್ಷೆ ಎಂಬ ಪದಕ್ಕೇ ಬೆವರುತ್ತಿದ್ದ ಹುಡುಗಿಯಂತೆ. ಅಂಥವಳು ಈಗ ಪ್ರತಿ ವಾರ ಅಂಗೈ ಇಟ್ಟು, ಅಂಕಿ ಬರುವವರೆಗೆ ಉಸಿರು ಬಿಗಿಹಿಡಿದು, ಬಂದ ಮೇಲೆ "ಎರಡನೆಯವರದ್ದು ಎಷ್ಟು?" ಎಂದು ಕೇಳುತ್ತಿದ್ದಳು. ಹೇಳುವಂತಿಲ್ಲ ಎಂದರೆ ತನಗಿಂತ ಕಡಿಮೆ ತಾನೇ ಎನ್ನುತ್ತಿದ್ದಳು. ನುಂಗದೆ ಅಂಕಿ ಏಕೆ ಏರುತ್ತಿದೆ ಎಂದು ಅವಳಿಗೆ ಅನುಮಾನ ಬರಲಿಲ್ಲವೇ? ಆಮೇಲೆ ಕೇಳಿದೆ. ಬಂದಿತ್ತಂತೆ. ಪೆಟ್ಟಿಗೆ ಕೆಟ್ಟಿರಬೇಕು ಅಂದುಕೊಂಡಳಂತೆ. ಕೆಟ್ಟಿದ್ದರೂ ತನ್ನ ಪರವಾಗಿ ಕೆಟ್ಟಿದೆಯಲ್ಲ ಎಂದು ಸುಮ್ಮನಿದ್ದಳಂತೆ.

ನಾಲ್ಕು ತಿಂಗಳು ತುಂಬಿತು. ಕೊನೆಯ ಅಳತೆಯಾಯಿತು. ಗುರುವಾರ ಡಾಕ್ಟರಮ್ಮ ಲಕೋಟೆ ಒಡೆದರು. ಮಧ್ಯಾಹ್ನ ನನ್ನನ್ನು ಕರೆಸಿದರು. ದನಿ ಆಗಲೇ ತೀರ ಇಳಿದಿತ್ತು.

ದೊಡ್ಡಮ್ಮನ ಬಾಟಲಿ ನಿಜವಾದ ಲೂಟಿನ್ನಿನದೇ, ಅವಳ ಅಂಕಿಯ ಮೇಲೆ ಯಾರಿಗೂ ಅನುಮಾನವಿರಲಿಲ್ಲ. ಕಟಿಂಗ್ ಮಾಸ್ಟರಿಗೆ ಹೋಗಿದ್ದದ್ದು ಬರೀ ಎಣ್ಣೆಯ ಬಾಟಲಿ, ಆದರೆ ಅವರ ಅಂಕಿ ಚೆನ್ನಾಗಿ ಏರಿತ್ತು. ಇಸ್ತ್ರಿಯಣ್ಣನಿಗೆ ಹೋಗಿದ್ದದ್ದು ನಿಜವಾದ ಲೂಟಿನ್, ಆದರೆ ಅವನ ಅಂಕಿ ಇದ್ದಲ್ಲಿಂದ ಅಲುಗಿರಲಿಲ್ಲ. ಇಬ್ಬರೂ ಒಂದೇ ಅಂಗಡಿಯವರು. ಇಬ್ಬರ ಬಾಟಲಿಗಳನ್ನೂ ಪ್ರತಿ ತಿಂಗಳು ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗಿ ಕೊಟ್ಟವಳು ನಾನು. ಯಾರು ನೋಡಿದರೂ ಹೇಳುವುದು ಒಂದೇ, ಬಾಟಲಿ ಅದಲುಬದಲಾಗಿದೆ. ಇಬ್ಬರದು ಅದಲುಬದಲಾಗಿದ್ದರೆ ಉಳಿದ ಮೂವತ್ತೆಂಟನ್ನು ನಂಬುವುದು ಹೇಗೆ ಎಂದು ಡಾಕ್ಟರಮ್ಮ ಕೇಳಿದರು. ಸೋಮವಾರದೊಳಗೆ ಬರವಣಿಗೆಯಲ್ಲಿ ವಿವರಣೆ ಬೇಕೆಂದರು. ಮುಂದಿನ ಸಂಶೋಧನೆಗೆ ಬೇರೆಯವರನ್ನು ನೋಡಿಕೊಳ್ಳುವುದಾಗಿಯೂ ಹೇಳಿದರು.

ಎಂಟು ವರ್ಷದಿಂದ ಇಷ್ಟಪಟ್ಟು ಮಾಡಿದ ಕೆಲಸ ಅದು. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ನನಗೇ ನನ್ನ ಮೇಲೆ ನಂಬಿಕೆ ಹೋಯಿತು. ಚೀಲದಿಂದ ಬಾಟಲಿ ತೆಗೆದ ಪ್ರತಿಯೊಂದು ಸಲವನ್ನೂ ನೆನಪು ಮಾಡಿಕೊಂಡೆ. ನಂಬರ್ ನೋಡಿದ್ದೆನೇ? ನೋಡಿದ್ದೆ. ಆ ದಿನ ಮಾಸ್ಟರ್ ನನ್ನ ಕಾಲರಿನ ಬಗ್ಗೆ ಏನೋ ಅಂದಿದ್ದರು, ಆಗಲೂ ನೋಡಿದ್ದೆನೇ?

ಸಂಜೆ ಊಟದ ಹೊತ್ತಿಗೆ ದೊಡ್ಡಮ್ಮನಿಗೆ ಎಲ್ಲ ಹೇಳಿದೆ. ಅವಳ ಕೈಯ ತುತ್ತು ಕೈಯಲ್ಲೇ ಉಳಿಯಿತು.

"ನೀನು ಅದಲುಬದಲು ಮಾಡಿಲ್ಲ ಮರಿ" ಅಂದಳು.

"ನಿನಗೆ ಹೇಗೆ ಗೊತ್ತು?"

"ಗೊತ್ತು."

ಅಷ್ಟೇ. ನನಗೆ ಸಿಟ್ಟು ನೆತ್ತಿಗೇರಿತು. ನಿನಗೇನಮ್ಮ, ನೀನು ಫಸ್ಟ್ ಬಂದಿದ್ದೀಯ, ಬೇರೆಯವರ ಕೆಲಸ ಹೋದರೆ ನಿನಗೇನು ಎಂದುಬಿಟ್ಟೆ. ಅಂದಮೇಲೆ ನಾಲಿಗೆ ಕಚ್ಚಿಕೊಂಡೆ. ಅವಳು ತಟ್ಟೆ ತೊಳೆದಿಟ್ಟು, ಕೋಳಿಗೂಡಿನ ಹತ್ತಿರ ಹೋಗಿ ಬಹಳ ಹೊತ್ತು ನಿಂತಿದ್ದಳು. ಮುಂದಿನ ಮೂರು ದಿನ ಅವಳು ಬಾಯಲ್ಲಿ ಗುಂಡಿಯಿಲ್ಲದಿದ್ದರೂ ಮಾತಾಡಲಿಲ್ಲ. ನನ್ನ ಮೇಲೆ ಮುನಿಸು ಎಂದುಕೊಂಡೆ. ಅವಳು ಒಳಗೊಳಗೇ ಧೈರ್ಯ ಕೂಡಿಸುತ್ತಿದ್ದಳು.

ಸೋಮವಾರ ಡಾಕ್ಟರಮ್ಮನ ಮೇಜಿನ ಮುಂದೆ ನಿಂತು ನನ್ನ ವಿವರಣೆ ಕೊಟ್ಟೆ. ಮೂರು ಹಾಳೆ ಹರಿದುಹಾಕಿ ಬರೆದ ಎರಡೇ ಸಾಲು. ಬಾಟಲಿ ಅದಲುಬದಲು ಮಾಡಿದ ನೆನಪು ನನಗಿಲ್ಲ, ಮಾಡಿಯೇ ಇಲ್ಲ ಎಂದು ಆಣೆ ಮಾಡುವ ಧೈರ್ಯವೂ ಇಲ್ಲ ಎಂದು. ಅವರು ಓದಿ ಮುಗಿಸುವಷ್ಟರಲ್ಲಿ ಬಾಗಿಲು ತಳ್ಳಿಕೊಂಡು ದೊಡ್ಡಮ್ಮ ಒಳಗೆ ಬಂದಳು. ಮದುವೆಗೆ ಉಡುವ ಸೀರೆ ಉಟ್ಟಿದ್ದಳು. ಅಳತೆಯ ಟೇಪು ಮಾತ್ರ ಕೊರಳಲ್ಲೇ ಉಳಿದಿತ್ತು. ಕೈಯಲ್ಲೊಂದು ಬಟ್ಟೆಯ ಚೀಲ.

ನನ್ನ ಕಡೆ ನೋಡಲಿಲ್ಲ. ನೇರ ಡಾಕ್ಟರಮ್ಮನ ಎದುರು ಹೋಗಿ, ಆ ಮಾತ್ರೆಯದು ಒಂದು ಇದ್ದರೆ ಕೊಡಿ ಎಂದು ಕೇಳಿದಳು. ಡಾಕ್ಟರಮ್ಮನಿಗೆ ಏನೆಂದು ತಿಳಿಯದಿದ್ದರೂ ಖಾನೆಯಲ್ಲಿದ್ದ ಮಾದರಿ ಬಾಟಲಿಯಿಂದ ಒಂದು ತೆಗೆದುಕೊಟ್ಟರು, ನೀರು ಬಗ್ಗಿಸಿಕೊಟ್ಟರು. ದೊಡ್ಡಮ್ಮ ಬಾಯಿಗೆ ಹಾಕಿಕೊಂಡು ನೀರು ಕುಡಿದಳು. ಗುಟುಕ್ ಎಂಬ ಸದ್ದು ನನಗೂ ಕೇಳಿಸಿತು. ಬಾಯಿ ತೆರೆದು ತೋರಿಸಿದಳು.

ಆಮೇಲೆ ಹೇಳದೆ ಕೇಳದೆ ಕುರ್ಚಿಯೆಳೆದು ಕೂತು ಮಾತಿಗಿಳಿದಳು. ಡಾಕ್ಟರಮ್ಮನ ಬಿಳಿ ಕೋಟಿನ ಎರಡನೆಯ ಕಾಜಾ ಎಳೆ ಬಿಟ್ಟಿದೆ, ಅದು ಯಂತ್ರದ್ದು, ಕೊಟ್ಟರೆ ತಾನು ಕಟ್ಟಿಕೊಡುತ್ತೇನೆ ಅಂದಳು. ಗುಂಡಿಯ ದಾರವೂ ಸಡಿಲವಾಗಿದೆಯಂತೆ, ಇವತ್ತೋ ನಾಳೆಯೋ ಬಿದ್ದುಹೋಗುತ್ತದಂತೆ. ಎಷ್ಟು ದಿನದಿಂದ ಹೀಗಿದೆ, ಯಾವ ಅಂಗಡಿಯಲ್ಲಿ ಹೊಲಿಸಿದ್ದು ಎಂದೆಲ್ಲ ವಿಚಾರಿಸಿದಳು. ಡಾಕ್ಟರಮ್ಮ ಪಾಪ, ಒಂದೊಂದಕ್ಕೂ ಉತ್ತರ ಕೊಡುತ್ತ ಹೋದರು. ಹೀಗೆ ಐದು ನಿಮಿಷ. ನಾನು ನೆಲ ಬಾಯಿಬಿಟ್ಟು ನನ್ನನ್ನು ಒಳಗೆ ಎಳೆದುಕೊಳ್ಳಬಾರದೇ ಎಂದುಕೊಂಡು ನಿಂತಿದ್ದೆ.

ಮಾತಿನ ನಡುವೆ ದೊಡ್ಡಮ್ಮ ಎರಡು ಬೆರಳು ಬಾಯಿಗಿಟ್ಟು, ಮಾತ್ರೆಯನ್ನು ಹೊರತೆಗೆದು ಮೇಜಿನ ಮೇಲಿಟ್ಟಳು. ಸ್ವಲ್ಪ ಮೆತ್ತಗಾಗಿತ್ತು, ಒಡೆದಿರಲಿಲ್ಲ.

"ನನಗೆ ನುಂಗಕ್ಕೆ ಬರಲ್ಲಮ್ಮ. ಯಾವತ್ತೂ ಬಂದಿಲ್ಲ. ನಿಮ್ಮ ಮಾತ್ರೆ ಒಂದನ್ನೂ ನಾನು ತಗೊಂಡಿಲ್ಲ. ಮಗು ತಪ್ಪು ಮಾಡಿಲ್ಲ, ಅವಳ ಕಣ್ಣಿಗೆ ಮಣ್ಣೆರಚಿದ್ದು ನಾನು."

ಅವಳ ಕೆನ್ನೆ ಕೆಂಪಾದದ್ದನ್ನು ನಾನು ಅದೇ ಮೊದಲ ಸಲ ನೋಡಿದೆ. ಆಮೇಲೆ ಚೀಲದಿಂದ ಒಂದು ಬಟ್ಟಲು, ಎರಡು ಮೊಟ್ಟೆ ತೆಗೆದಳು. ಒಂದು ಅಂಗಡಿಯಲ್ಲಿ ಕೊಂಡದ್ದು, ಒಂದು ನಮ್ಮ ಹಿತ್ತಲಿನದು. ಎರಡನ್ನೂ ಡಾಕ್ಟರಮ್ಮನ ಮೇಜಿನ ಅಂಚಿಗೇ ತಟ್ಟಿ ಬಟ್ಟಲಿಗೆ ಒಡೆದಳು. ಅಂಗಡಿಯದರ ಹಳದಿ ತಿಳಿಯಾಗಿತ್ತು. ನಮ್ಮದು ಕಿತ್ತಳೆ ಹಣ್ಣಿನ ಸಿಪ್ಪೆಯಷ್ಟು ಗಾಢವಾಗಿತ್ತು. ಮಾತ್ರೆಗಳು ಎಲ್ಲಿಗೆ ಹೋದವು, ಕೋಳಿಗಳು ಏನು ತಿಂದವು, ಮೊಟ್ಟೆ ಯಾರ ಹೊಟ್ಟೆಗೆ ಹೋಯಿತು ಎಂದು ಅವಳು ಒಂದೊಂದಾಗಿ ಹೇಳಿದಳು. ಕಟಿಂಗ್ ಮಾಸ್ಟರರ ಹನ್ನೊಂದು ಗಂಟೆಯ ಚಹಾದ ವಿಷಯ ಬಂದಾಗ ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

ಅವರು ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡು ನೋಡಿದರು. ಆಮೇಲೆ ಇಸ್ತ್ರಿಯಣ್ಣ ಮಾತ್ರೆಯನ್ನು ಯಾವಾಗ ನುಂಗುತ್ತಿದ್ದ ಎಂದು ಕೇಳಿದರು. ಬೆಳಗಿನ ಐದೂವರೆಗೆ, ಕೆಂಡ ಹೊತ್ತಿಸುವ ಮುಂಚೆ, ಬರೀ ನೀರಲ್ಲಿ ಎಂದಳು ದೊಡ್ಡಮ್ಮ. ತಿಂಡಿ? ಹತ್ತು ಗಂಟೆಗೆ ಒಂದು ಬಾಳೆಹಣ್ಣು, ಹಾಲಿಲ್ಲದ ಚಹಾ. ಊಟದ ಜೊತೆ ತೆಗೆದುಕೊಳ್ಳಿ ಎಂದು ನಾನೇ ಅವನಿಗೆ ಹೇಳಿದ್ದೆ, ಅವನು ಎಂದಿನಂತೆ ಒಪ್ಪಿದ್ದ. ಒಪ್ಪಿದ್ದನ್ನು ಮಾಡುತ್ತಾನೆಯೇ ಎಂದು ನಾನು ನೋಡಿರಲಿಲ್ಲ.

ಡಾಕ್ಟರಮ್ಮನಿಗೆ ಅಲ್ಲಿಗೆ ಎಲ್ಲ ಹೊಳೆಯಿತು. ಹೊಳೆದದ್ದನ್ನು ದೊಡ್ಡಮ್ಮನಿಗೆ ಅರ್ಥವಾಗುವ ಹಾಗೆ ಬಿಡಿಸಿ ಹೇಳಿದರು. ಈ ಬಣ್ಣ ನೀರಿಗೆ ಜಗ್ಗುವುದಲ್ಲ, ಕೊಬ್ಬಿನ ಜೊತೆಗೇ ಓಡಾಡುವಂಥದ್ದು. ಊಟದಲ್ಲಿ ಕೊಬ್ಬಿದ್ದರೆ ಪಿತ್ತರಸ ಹೊರಗೆ ಬಂದು ಅದನ್ನು ಸಣ್ಣ ಸಣ್ಣ ಹನಿಯಾಗಿ ಒಡೆಯುತ್ತದೆ, ಆ ಹನಿಗಳ ಜೊತೆ ಬಣ್ಣವನ್ನೂ ಕರುಳು ಒಳಗೆ ಬಿಟ್ಟುಕೊಳ್ಳುತ್ತದೆ. ಅಲ್ಲಿಂದ ರಕ್ತದ ಕೊಬ್ಬಿನ ಕಣಗಳ ಹೆಗಲೇರಿ ಕಣ್ಣಿಗೋ ಚರ್ಮಕ್ಕೋ ಹೋಗುತ್ತದೆ. ಖಾಲಿ ಹೊಟ್ಟೆಗೆ ಬಿದ್ದ ಮಾತ್ರೆಯಲ್ಲಿ ಒಂದು ತೊಟ್ಟು ಎಣ್ಣೆ ಇರುತ್ತದೆ ನಿಜ, ಅಷ್ಟಕ್ಕೆ ಪಿತ್ತರಸ ಎದ್ದು ಬರುವುದಿಲ್ಲ. ಇಸ್ತ್ರಿಯಣ್ಣನದು ಹೆಚ್ಚುಪಾಲು ವ್ಯರ್ಥವಾದದ್ದು ಹೀಗೆ. ಕೋಳಿ ಮಾಡಿದ್ದೇ ಬೇರೆ. ತಾನು ತಿಂದ ಲೂಟಿನ್ನನ್ನು ಮೊಟ್ಟೆಯ ಹಳದಿಯಲ್ಲಿ, ಅಲ್ಲಿನ ಕೊಬ್ಬಿನೊಳಗೇ ಕಲಸಿ, ನುಂಗಲು ಸಿದ್ಧ ಮಾಡಿ ಕೊಟ್ಟಿತ್ತು. ಕ್ಯಾರೆಟ್ಟಿನ ಬಣ್ಣ ಕೊಟ್ಟಿದ್ದರೆ ಕೋಳಿ ಅದನ್ನು ಬಹುಪಾಲು ಎ ವಿಟಮಿನ್ ಮಾಡಿಕೊಂಡುಬಿಡುತ್ತಿತ್ತು, ಲೂಟಿನ್ ಆದ್ದರಿಂದ ಮೊಟ್ಟೆಗೆ ಇಳಿಯಿತು. ಹೀಗೆ ಹೇಳುತ್ತ ಹೇಳುತ್ತ ಡಾಕ್ಟರಮ್ಮನ ದನಿ ಮೆಲ್ಲಗೆ ಏರತೊಡಗಿತು. ನಾನು ಉಸಿರು ಬಿಟ್ಟೆ.

ಒಂದು ಲೆಕ್ಕ ಮಾತ್ರ ಅವರಿಗೆ ಹೊಂದಲಿಲ್ಲ. ಮಾಸ್ಟರ್ ತಿಂದದ್ದೂ ದಿನಕ್ಕೊಂದು ಮೊಟ್ಟೆ, ಇವಳು ತಿಂದದ್ದೂ ಒಂದೇ. ಆದರೆ ಇವಳ ಅಂಕಿ ಮಾಸ್ಟರದ್ದಕ್ಕಿಂತ ಹತ್ತಿರಹತ್ತಿರ ಎರಡರಷ್ಟು ಏರಿತ್ತು.

"ನೀವು ದಿನಕ್ಕೆ ಎಷ್ಟು ತಿಂತಿದ್ರಿ? ಸರಿಯಾಗಿ ಹೇಳಿ."

"ಒಂದು ಮೊಟ್ಟೆ. ಎರಡು ಹಳದಿ."

"ಅದು ಹೇಗೆ?"

"ಒಂದು ಇವಳದ್ದು" ಎಂದು ದೊಡ್ಡಮ್ಮ ನನ್ನ ಕಡೆ ಕೈ ತೋರಿಸಿದಳು. "ಇವಳಿಗೆ ಹಳದಿ ಇಳಿಯಲ್ಲ. ಇಪ್ಪತ್ತೈದು ವರ್ಷದಿಂದ ನಾನೇ ತಿಂತೀನಿ."

ಡಾಕ್ಟರಮ್ಮ ನನ್ನ ಮುಖ ನೋಡಿದರು. ನಲವತ್ತು ಜನರ ಅಂಗೈಯನ್ನು ನಾಲ್ಕು ತಿಂಗಳು ಅಳೆದವಳು ನಾನು. ನನ್ನ ಡಬ್ಬಿಯ ಮೊಟ್ಟೆಯ ಅರ್ಧ ಎಲ್ಲಿ ಹೋಯಿತು ಎಂದು ಒಮ್ಮೆಯೂ ಅಳೆದಿರಲಿಲ್ಲ.

ಬೈಗುಳವೇನೂ ತಪ್ಪಲಿಲ್ಲ. ಎದೆ ತಟ್ಟಿ ಜವಾಬ್ದಾರಿ ಹೊತ್ತದ್ದಕ್ಕೆ ನನಗೆ, ನಾಲ್ಕು ತಿಂಗಳ ಸುಳ್ಳಿಗೆ ದೊಡ್ಡಮ್ಮನಿಗೆ, ಇಬ್ಬರಿಗೂ ಸಮನಾಗಿ ಬಿತ್ತು. ದೊಡ್ಡಮ್ಮನ ಸಾಲು, ಮಾಸ್ಟರರ ಸಾಲು ಎರಡನ್ನೂ ಪಟ್ಟಿಯಿಂದ ಹೊಡೆದುಹಾಕಿದರು. ಇಸ್ತ್ರಿಯಣ್ಣನ ಸಾಲಿನ ಪಕ್ಕ ಖಾಲಿ ಹೊಟ್ಟೆ ಎಂದು ಬರೆದರು. ಎಲ್ಲರೂ ಯಾವ ಊಟದ ಜೊತೆ ನುಂಗಿದರು ಎಂದು ಮನೆಮನೆಗೆ ಹೋಗಿ ಕೇಳಿಕೊಂಡು ಬಾ ಎಂದು ನನಗೆ ಹೇಳಿದರು. ಅಂದರೆ ಕೆಲಸ ಉಳಿಯಿತು. ಮುಂದಿನ ಸಂಶೋಧನೆ ಮೊಟ್ಟೆಯ ಬಗ್ಗೆಯೇ ಎಂದೂ, ಅದಕ್ಕೆ ನನ್ನ ನೆಂಟರಿಷ್ಟರು ಯಾರೂ ಬೇಡ ಎಂದೂ ಹೇಳಿದರು.

ದೊಡ್ಡಮ್ಮ ಬಟ್ಟಲು ಎತ್ತಿಕೊಂಡು ಬಾಗಿಲವರೆಗೆ ಹೋದವಳು ತಿರುಗಿ ನಿಂತಳು. "ಹಾಗಾದ್ರೆ ನಾನು ಫಸ್ಟ್ ಅಲ್ವಾ?" ಎಂದು ಕೇಳಿದಳು. ಡಾಕ್ಟರಮ್ಮ ಅಲ್ಲ ಎಂದರು. ಅವಳು ತಲೆಯಾಡಿಸಿ ಹೊರಟಳು.

ಮನೆಯ ದಾರಿಯಲ್ಲಿ ಅವಳ ಜೊತೆ ಹೆಜ್ಜೆ ಹಾಕುತ್ತ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಮೊದಲೇ ಹೇಳಿದ್ದರೆ ಬೇರೆಯವರನ್ನು ಹುಡುಕುತ್ತಿದ್ದೆ, ನನ್ನ ಹತ್ತಿರವೂ ಮುಚ್ಚಿಡುವಂಥದ್ದೇನಿತ್ತು, ಜ್ವರ ಬಂದಾಗ ನೀನು ಏನು ಮಾಡುತ್ತೀಯ ಎಂದು ಕೇಳಿದೆ. ಪುಡಿ ಮಾಡಿ ಸಕ್ಕರೆ ಬೆರೆಸಿ ತಿನ್ನುತ್ತೇನೆ ಎಂದಳು. ಆಗ ನನಗೆ ನೆನಪಾಯಿತು. ಚಿಕ್ಕವಳಿದ್ದಾಗ ನನಗೂ ಎಲ್ಲ ಮಾತ್ರೆಯನ್ನು ಪುಡಿ ಮಾಡಿ ಸಕ್ಕರೆಯಲ್ಲೇ ಕೊಡುತ್ತಿದ್ದಳು. ಈಗಲೂ ಹಾಗೇ ಕೊಡುತ್ತಾಳೆ. ನಾನು ಮಾತ್ರೆಯನ್ನು ಕಡಲೆಕಾಳಿನ ಹಾಗೆ ನುಂಗಬಲ್ಲೆ ಎಂದು ಅವಳಿಗೆ ಹೇಳಿಯೇ ಇಲ್ಲ, ಸಕ್ಕರೆಯ ಆಸೆಗೆ.

ಇನ್ನೂ ಒಂದು ನೆನಪಾಯಿತು. ಚಿಕ್ಕಮ್ಮ, ಮಾವ, ಅಜ್ಜಿ, ಯಾರ ಮನೆಗೆ ಹೋದರೂ ಮೂಗು ಹಿಡಿದು ಹಳದಿ ತಿನ್ನಿಸಲು ನೋಡುತ್ತಿದ್ದರು. ತಿನ್ನದಿದ್ದರೆ ಹಟಮಾರಿ ಅನ್ನುತ್ತಿದ್ದರು. ದೊಡ್ಡಮ್ಮ ಒಬ್ಬಳು ಮಾತ್ರ, ಮೊದಲ ದಿನ ನಾನು ತುಟಿ ಬಿಗಿದು ಕೂತದ್ದನ್ನು ನೋಡಿ, ಏನೂ ಅನ್ನದೆ ಹಳದಿಯನ್ನು ತನ್ನ ತಟ್ಟೆಗೆ ಹಾಕಿಕೊಂಡಿದ್ದಳು. ನೀನು ಯಾಕೆ ನನಗೆ ಒಮ್ಮೆಯೂ ಬಲವಂತ ಮಾಡಲಿಲ್ಲ ಎಂದು ಕೇಳಿದೆ.

"ಗಂಟಲಲ್ಲಿ ಇಳಿಯದೆ ಇದ್ರೆ ಹೇಗಿರತ್ತೆ ಅಂತ ನನಗೆ ಗೊತ್ತಿತ್ತಲ್ಲ" ಅಂದಳು.

ನನಗೆ ಅಳು ಬಂತು. ಅವಳು ನೋಡದ ಹಾಗೆ ರಸ್ತೆಯ ಆಚೆ ಬದಿಯ ಅಂಗಡಿಗಳನ್ನು ನೋಡುತ್ತ ನಡೆದೆ. ಅವಳು ಅಳತೆಯ ಟೇಪು ಕೊರಳಿನಿಂದ ತೆಗೆದು ಸುತ್ತಿ ಚೀಲಕ್ಕೆ ಹಾಕಿದಳು.

ಮಾತ್ರೆಗಳು ಮುಗಿದವು, ನಮ್ಮ ಕೋಳಿಗಳ ಮೊಟ್ಟೆ ಎಂದಿನ ಬಣ್ಣಕ್ಕೆ ಇಳಿಯತೊಡಗಿತು. ನಾನು ಸಂಜೆ ಬರುವಾಗ ಒಂದು ಕಟ್ಟು ಸೊಪ್ಪು, ಒಂದಿಷ್ಟು ಮೆಕ್ಕೆಜೋಳ ತಂದು ಗೂಡಿನ ಮುಂದೆ ಹಾಕುವುದನ್ನು ಅಭ್ಯಾಸ ಮಾಡಿಕೊಂಡೆ. ಜಂಬದವಳು ಅದನ್ನು ಮೂಸಿಯೂ ನೋಡುವುದಿಲ್ಲ, ಉಳಿದ ಮೂರು ತಿನ್ನುತ್ತವೆ. ದೊಡ್ಡಮ್ಮ ಈಗಲೂ ತಿಂಗಳಿಗೊಮ್ಮೆ ಚಹಾ ಕುಡಿಯುವ ನೆಪದಲ್ಲಿ ಕೇಂದ್ರಕ್ಕೆ ಬಂದು, ಯಾರೂ ಇಲ್ಲದಾಗ ಪೆಟ್ಟಿಗೆಗೆ ಅಂಗೈ ಒತ್ತುತ್ತಾಳೆ. ಆ ಅಂಕಿಯನ್ನು ನಾನು ಯಾವ ಪುಸ್ತಕದಲ್ಲೂ ಬರೆಯುವುದಿಲ್ಲ. "ಎರಡನೆಯವರದ್ದು?" ಎಂದು ಕೇಳುತ್ತಾಳೆ. ನಾನು ನನ್ನ ಅಂಗೈಯಿಟ್ಟು ತೋರಿಸುತ್ತೇನೆ. ಪ್ರತಿ ಸಲವೂ ಅವಳೇ ಫಸ್ಟ್ ಬರುತ್ತಾಳೆ, ನನ್ನ ಪಾಲಿನ ಹಳದಿಯೂ ಅವಳ ಕೈಯಲ್ಲೇ ಇದೆಯಲ್ಲ.